ದುಡಿಯುವ ತಾಯಿಗೆ ಬೇಕಾದದ್ದು ಒಂದೇ

ಧ್ಯಾನಕ್ಕೆ: ಲೂಕ 10:38-42



ಬೆಥಾನಿಯದ ಆ ಮನೆಯ ಕಥೆ ನಮಗೆಲ್ಲರಿಗೂ ಬಾಯಿಪಾಠವಾಗಿದೆ. ಯೇಸುಸ್ವಾಮಿಯವರು ಮನೆಗೆ ಬರುತ್ತಾರೆ. ಮಾರ್ತಳು ಅತಿಥಿ ಸತ್ಕಾರದ ಗಡಿಬಿಡಿಯಲ್ಲಿದ್ದಾಳೆ. ಮರಿಯಳು ಸ್ವಾಮಿಯ ಪಾದದ ಬಳಿ ಕುಳಿತು ಅವರ ಮಾತು ಕೇಳುತ್ತಿದ್ದಾಳೆ. ಮಾರ್ತಳಿಗೆ ಸಿಟ್ಟು ಬರುತ್ತದೆ. ತಂಗಿಗೆ ಎದ್ದು ಬಂದು ಕೈ ಜೋಡಿಸಲು ಹೇಳಿರೆಂದು ಸ್ವಾಮಿಯನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಅದಕ್ಕೆ ಸ್ವಾಮಿಯವರು, ನೀನು ಹಲವು ವಿಷಯಗಳಿಗಾಗಿ ಚಿಂತೆಪಡುತ್ತಿದ್ದೀಯೆ, ಆದರೆ ಬೇಕಾಗಿರುವುದು ಒಂದೇ ಎಂದು ತಿಳಿಹೇಳುತ್ತಾರೆ.

ಈ ಶುಭಸಂದೇಶವನ್ನು ಓದಿದ ಭಾನುವಾರ ದೇವಾಲಯದ ಅಂಗಳದಲ್ಲಿ ನಾವು ಹೆಂಗಸರು ನಗುತ್ತಾ ಆಡಿಕೊಳ್ಳುವ ಮಾತೊಂದಿದೆ: "ಎಲ್ಲಾರೂ ಮರಿಯನಂಗ ಕುಂತ್ರ ಒಲಿ ಮ್ಯಾಲಿನ ಅನ್ನ ಇಳಸಾವ್ರು ಯಾರು?" ನಗೆಯ ಮಾತಾದರೂ ಅದರೊಳಗೆ ನೋವಿದೆ. ಮನೆಯಲ್ಲೂ ದುಡಿದು ಹೊರಗೂ ದುಡಿಯುವ ತಾಯಂದಿರಿಗೆ ಮಾರ್ತಳ ಮೇಲೆ ಕನಿಕರ ಹೆಚ್ಚು. ನನಗೂ ಹಾಗೆಯೇ ಇತ್ತು. ಸ್ವಾಮಿಯವರು ಮಾರ್ತಳಿಗೆ ಅನ್ಯಾಯ ಮಾಡಿದರೆಂದೇ ನಾನು ಬಹಳ ವರ್ಷ ಒಳಗೊಳಗೆ ಅಂದುಕೊಂಡಿದ್ದೆ. ಆ ನನ್ನ ತಕರಾರಿಗೆ ಸ್ವಾಮಿಯವರು ಉತ್ತರ ಕೊಟ್ಟದ್ದು ಯಾವ ಪ್ರಬೋಧನೆಯಲ್ಲೂ ಅಲ್ಲ, ನನ್ನ ಮಗಳ ಬಾಯಿಂದ.

ನಮ್ಮ ಮನೆ ಕಲಬುರಗಿ ನಗರದಲ್ಲಿದೆ. ನಾನು ಪಾಠ ಹೇಳುವುದು ಕಮಲಾಪುರದ ಒಂದು ಖಾಸಗಿ ಶಾಲೆಯಲ್ಲಿ. ಬೆಳಗಿನ ಐದಕ್ಕೆ ಏಳಬೇಕು, ನಲ್ಲಿಗೆ ನೀರು ಬರುವ ದಿನವಾದರೆ ಅದಕ್ಕೂ ಮೊದಲೇ. ಬೇಳೆ ಬೇಯಿಸಿ, ನಾಲ್ಕು ಡಬ್ಬಿ ಕಟ್ಟಿ, ಮಕ್ಕಳ ತಲೆ ಬಾಚಿ, ಹರಿದ ಗುಂಡಿ ಹೊಲಿದು, ಎಂಟರ ಒಳಗೆ ಹುಮನಾಬಾದ್ ಕಡೆಯ ಬಸ್ಸು ಹಿಡಿಯಬೇಕು. ಕಮಲಾಪುರಕ್ಕೆ ಸುಮಾರು 35 ಕಿಲೋಮೀಟರು. ಸೀಟು ಸಿಕ್ಕರೆ ಮಹಾಗಾಂವ ಕ್ರಾಸ್ ಬರುವಷ್ಟರಲ್ಲಿ ಕಣ್ಣು ಮುಚ್ಚಿರುತ್ತದೆ, ಸಿಗದಿದ್ದರೆ ಕಂಬಿ ಹಿಡಿದು ನಿಂತೇ ಪ್ರಯಾಣ. ಸಂಜೆ ಮತ್ತೆ ಅದೇ ದಾರಿ. ನಮ್ಮ ಓಣಿಯಲ್ಲಿ ಕಥೋಲಿಕರ ಮನೆ ನಮ್ಮದೊಂದೇ. ಅಜ್ಜಿ, ಅತ್ತೆ, ನಾದಿನಿ ಯಾರೂ ಹತ್ತಿರದಲ್ಲಿಲ್ಲ. ಇದು ನನ್ನೊಬ್ಬಳ ಕಷ್ಟವೆಂದು ಹೇಳುತ್ತಿಲ್ಲ. ಅದೇ ಬಸ್ಸಿನಲ್ಲಿ ನರ್ಸಮ್ಮನವರಿದ್ದಾರೆ, ಅಂಗನವಾಡಿಯವರಿದ್ದಾರೆ, ತಾಲ್ಲೂಕು ಕಚೇರಿಗೆ ಹೋಗುವವರಿದ್ದಾರೆ, ಬುಟ್ಟಿ ಹೊತ್ತು ಹಣ್ಣು ಮಾರುವವರಿದ್ದಾರೆ. ಎಲ್ಲರ ಬೆಳಗೂ ಹೀಗೆಯೇ.

ಸಾವಿರ ತಾಸು

2022ರ ಪಾಸ್ಖ ಹಬ್ಬದ ನಂತರ ನಮ್ಮ ಹಿರಿಯ ಮಗಳ ಪ್ರಥಮ ಪರಮಪ್ರಸಾದ ಸ್ವೀಕಾರ ಇತ್ತು. ಮಗು ವರ್ಷವಿಡೀ ಧರ್ಮೋಪದೇಶದ ತರಗತಿಗೆ ಹೋಗಿ ಸಿದ್ಧಳಾಗಿದ್ದಳು. ನಾವೂ ಸಿದ್ಧರಾದೆವು, ಆದರೆ ಬೇರೆ ರೀತಿಯಲ್ಲಿ. ನೆಂಟರು ದೂರದ ಊರುಗಳಿಂದ ಬರುತ್ತಾರೆ, ಶಾಲೆಯ ಸಹೋದ್ಯೋಗಿಗಳು ಬರುತ್ತಾರೆ, ಓಣಿಯವರನ್ನು ಬಿಡುವಂತಿಲ್ಲ. "ಒಂದೇ ಸಲ ಬರೋ ಹಬ್ಬ" ಎಂದು ಎಲ್ಲರೂ ಹೇಳಿದರು. ನಮ್ಮಿಬ್ಬರ ಸಂಬಳದಲ್ಲಿ ಅದು ಆಗುವ ಮಾತಾಗಿರಲಿಲ್ಲ. ಒಂದು ಪತ್ತಿನ ಸಂಘದಲ್ಲಿ 80,000 ರೂಪಾಯಿ ಸಾಲ ತೆಗೆದೆವು. ಹಾಲು ಬಿಳುಪಿನ ನೆರಿಗೆಯ ಉಡುಪು, ಸಣ್ಣದೊಂದು ಹಾಲ್, ಪೆಂಡಾಲು, ಬಿರಿಯಾನಿ, ಎರಡು ಬಗೆಯ ಸಿಹಿ, ಫೋಟೋದವರು, ವಿಡಿಯೋದವರು.

ಆ ಭಾನುವಾರ ಬಲಿಪೂಜೆಯ ಹೊತ್ತಿನಲ್ಲಿ ಅಡುಗೆಯವನ ಫೋನು ಮತ್ತೆ ಮತ್ತೆ ಬರತೊಡಗಿತು. ಮಾಂಸ ಕಡಿಮೆ ಬಿದ್ದಿದೆ, ಮಂದಿ ಎಷ್ಟೆಂದು ಖಚಿತವಾಗಿ ಹೇಳಿ ಎಂದು. ನಾನು ಬೆಂಚಿನಿಂದೆದ್ದು ಹೊರಗೆ ಹೋದೆ. ಐದು ನಿಮಿಷದ ಮಾತು ಹದಿನೈದು ನಿಮಿಷವಾಯಿತು. ಒಳಗೆ ಬಂದಾಗ ಮಕ್ಕಳೆಲ್ಲ ತಮ್ಮ ತಮ್ಮ ಜಾಗಕ್ಕೆ ಮರಳಿ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು.

ಊಟ ಚೆನ್ನಾಗಿತ್ತೆಂದು ಎಲ್ಲರೂ ಹೊಗಳಿದರು. ರಾತ್ರಿ ಹನ್ನೊಂದಕ್ಕೆ ಮಗಳ ಮುಡಿಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದೆ. ಆಗ ಅವಳು ಕೇಳಿದಳು: "ಮಮ್ಮಿ, ನಾ ಸ್ವಾಮಿನ್ನ ಸ್ವೀಕರಿಸೋ ಮುಂದ ನೀ ನೋಡಿದೇನು? ನಾ ಹಿಂದ ತಿರುಗಿ ನೋಡ್ದೆ. ನೀ ಕಾಣಲೇ ಇಲ್ಲ."

ನಾನು ಸುಳ್ಳು ಹೇಳಿದೆ. ನೋಡಿದೆನೆಂದೆ. ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ. ಮತ್ತೆ ಆ ಮಾತು ಎತ್ತಲಿಲ್ಲ. ವಿಡಿಯೋದಲ್ಲಿ ಆ ಗಳಿಗೆ ಇದೆ. ನಾನು ಅದನ್ನು ಹಲವು ಸಲ ನೋಡಿದ್ದೇನೆ. ಮಗು ನಾಲಿಗೆ ಚಾಚಿ ಸ್ವಾಮಿಯನ್ನು ಸ್ವೀಕರಿಸಿ, ಕೈ ಮುಗಿದು ತಿರುಗುವಾಗ ಒಮ್ಮೆ ಹಿಂದಿನ ಬೆಂಚುಗಳ ಕಡೆ ಕಣ್ಣು ಹಾಯಿಸುತ್ತಾಳೆ. ಆ ಕಣ್ಣು ಯಾರನ್ನು ಹುಡುಕುತ್ತಿತ್ತೆಂದು ಈಗ ನನಗೆ ಗೊತ್ತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಸಾಲ ತೀರಿಸಬೇಕಿತ್ತಲ್ಲ. ತಿಂಗಳಿಗೆ 4,000 ರೂಪಾಯಿಯಂತೆ 24 ಕಂತು. ಅದಕ್ಕಾಗಿ ಸಂಜೆ ಟ್ಯೂಷನ್ ಹಿಡಿದೆ. ಹದಿನಾಲ್ಕು ಮಕ್ಕಳು, ತಲೆಗೆ 300 ರೂಪಾಯಿ. ಕಮಲಾಪುರದಿಂದ ಬಂದು ಮುಖ ತೊಳೆದವಳೇ ಇನ್ನೊಂದು ಓಣಿಗೆ ಓಡುತ್ತಿದ್ದೆ. ದಿನಕ್ಕೆ ಎರಡು ತಾಸು, ವಾರಕ್ಕೆ ಐದು ದಿನ, ಎರಡು ವರ್ಷ. ಒಂದು ದಿನ ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಹತ್ತಿರ ಹತ್ತಿರ ಒಂದು ಸಾವಿರ ತಾಸು! ಒಂದು ಮಧ್ಯಾಹ್ನದ ಊಟಕ್ಕಾಗಿ ನನ್ನ ಮಕ್ಕಳ ಒಂದು ಸಾವಿರ ತಾಸು ಸಂಜೆಯನ್ನು ನಾನು ಒತ್ತೆ ಇಟ್ಟಿದ್ದೆ. ಬೇರೆಯವರ ಮಕ್ಕಳಿಗೆ ಗುಣಾಕಾರ ಕಲಿಸುತ್ತಿದ್ದ ಹೊತ್ತಿನಲ್ಲಿ ನನ್ನ ಮಗ ತನ್ನ ಮನೆಪಾಠವನ್ನು ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತು ಒಬ್ಬನೇ ಮಾಡುತ್ತಿದ್ದ.

ಪ್ರಿಯರೇ, ಅಂದು ನನಗೆ ಬೆಥಾನಿಯದ ಮನೆ ಅರ್ಥವಾಯಿತು. ಸ್ವಾಮಿಯವರು ನಮ್ಮ ಮನೆಗೆ ಬಂದಿದ್ದರು, ನನ್ನ ಮಗಳ ಹೃದಯಕ್ಕೆ ಇಳಿದು ಬಂದಿದ್ದರು. ಆ ಹೊತ್ತಿನಲ್ಲಿ ನಾನು ಹೊರಗೆ ನಿಂತು ಮಾಂಸದ ಲೆಕ್ಕ ಮಾಡುತ್ತಿದ್ದೆ.

ಮಾರ್ತಳ ತಪ್ಪು ದುಡಿಮೆಯಲ್ಲ

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ತಿಳಿದುಕೊಳ್ಳೋಣ. ಯೇಸುಸ್ವಾಮಿಯವರು ಮಾರ್ತಳ ಅಡುಗೆಯನ್ನು ಹಳಿಯಲಿಲ್ಲ. ಮೂವತ್ತು ವರ್ಷ ನಜರೇತಿನ ಮನೆಯಲ್ಲಿ ಮಾತೆ ಮರಿಯಮ್ಮನವರ ಕೈಯಡುಗೆ ಉಂಡು ಬೆಳೆದವರು ಅವರು. ಹಿಟ್ಟು, ಹುಳಿ, ಉಪ್ಪು, ದೀಪ, ಕಸಪೊರಕೆ, ಹರಿದ ಬಟ್ಟೆಗೆ ಹಾಕುವ ತೇಪೆ, ಇವೆಲ್ಲ ಅವರ ಸಾಮತಿಗಳಲ್ಲಿ ಬಂದದ್ದು ಎಲ್ಲಿಂದ? ತಾಯಿ ದುಡಿಯುವುದನ್ನು ನೋಡಿದ ಕಣ್ಣುಗಳಿಂದಲೇ ಅಲ್ಲವೇ?

ಸ್ವಾಮಿಯವರು ಎತ್ತಿ ತೋರಿಸಿದ್ದು ಮಾರ್ತಳ ತಳಮಳವನ್ನು, ಮನಸ್ಸು ಹತ್ತು ಕಡೆ ಹರಿದುಹೋಗಿರುವುದನ್ನು. ಬೇಕಾಗಿರುವುದು ಒಂದೇ ಎಂಬ ಮಾತಿಗೆ ಸರಳವಾದ ಒಂದು ಅರ್ಥವನ್ನೂ ಕೆಲವರು ಹೇಳುತ್ತಾರೆ: ಅಷ್ಟೊಂದು ಬಗೆಯ ಅಡುಗೆ ಏಕೆ, ಒಂದೇ ಪಲ್ಯ ಸಾಕು, ಬಂದು ಕುಳಿತುಕೊ ಎಂದು. ಆಳವಾದ ಅರ್ಥ ದೇವರ ವಾಕ್ಯದ ಕುರಿತದ್ದು, ನಿಜ. ಆದರೆ ಹೆಂಗಸಾದ ನನಗೆ ಈ ಸರಳ ಅರ್ಥವೂ ಬಹಳ ಹಿಡಿಸುತ್ತದೆ. ಪಲ್ಯ ಒಂದೇ ಆದರೆ ತಾಯಿಗೂ ಕೂತು ಕೇಳಲು ಬಿಡುವು ಸಿಗುತ್ತದೆ. ಸರಳ ಜೀವನವೆಂದರೆ ಇದೇ: ದೇವರಿಗೂ ಮನೆಮಂದಿಗೂ ಬಿಡುವು ಮಾಡಿಕೊಡುವ ಜೀವನ.

ಮಾರ್ತಳ ಕಥೆಯನ್ನು ನಾವು ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ. ಸಂತ ಯೊವಾನ್ನರ ಶುಭಸಂದೇಶವನ್ನು ತೆರೆದು ನೋಡಿ. 11ನೆಯ ಅಧ್ಯಾಯದಲ್ಲಿ ತಮ್ಮ ಲಾಜರನು ಸತ್ತಾಗ ಸ್ವಾಮಿಯನ್ನು ಎದುರುಗೊಳ್ಳಲು ಓಡಿಬಂದವಳು ಮಾರ್ತಳು. ಮರಿಯಳು ಮನೆಯಲ್ಲೇ ಕುಳಿತಿದ್ದಳು. ಅವರೇ ಕ್ರಿಸ್ತ, ದೇವರ ಪುತ್ರ ಎಂಬ ವಿಶ್ವಾಸವನ್ನು ಪೇತ್ರನ ಹಾಗೆ ಬಾಯಿಬಿಟ್ಟು ಸಾರಿದವಳೂ ಇದೇ ಅಡುಗೆಮನೆಯ ಮಾರ್ತಳು. 12ನೆಯ ಅಧ್ಯಾಯದಲ್ಲಿ ಪಾಸ್ಖ ಹಬ್ಬಕ್ಕೆ ಆರು ದಿನ ಮುಂಚೆ ಬೆಥಾನಿಯದಲ್ಲಿ ಮತ್ತೆ ಊಟ. ಅಂದೂ ಬಡಿಸುತ್ತಿದ್ದವಳು ಮಾರ್ತಳೇ. ಕೆಲಸ ಅದೇ, ಪಾತ್ರೆ ಅದೇ, ತಂಗಿ ಅಂದೂ ಸ್ವಾಮಿಯ ಪಾದದ ಬಳಿಯೇ. ಆದರೆ ಈ ಸಲ ದೂರಿನ ಒಂದು ಮಾತೂ ಇಲ್ಲ. ಮಾರ್ತಳ ಕೆಲಸ ಬದಲಾಗಲಿಲ್ಲ, ಮಾರ್ತಳು ಬದಲಾದಳು. ದುಡಿಯುವ ತಾಯಂದಿರೇ, ನಮಗೆ ಬೇಕಾದ ಸಮಾಧಾನ ಇಲ್ಲಿದೆ. ನೌಕರಿ ಬಿಟ್ಟು, ಮನೆ ಬಿಟ್ಟು ಮಠ ಸೇರಿದರೆ ಮಾತ್ರ ದೇವರು ಸಿಗುತ್ತಾರೆಂದಲ್ಲ.

ಹಂಚಿನ ಮೇಲೆ ಒಂದೇ ರೊಟ್ಟಿ

ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಅಕ್ಕ ಒಬ್ಬರಿದ್ದಾರೆ. ಕಲಬುರಗಿಯಲ್ಲಿ ರೊಟ್ಟಿ ಬಡಿದೇ ಸಂಸಾರ ಎತ್ತಿ ನಿಲ್ಲಿಸಿದ ಹೆಣ್ಣುಮಕ್ಕಳು ಎಷ್ಟೋ ಮಂದಿ. ಇತ್ತೀಚಿನ ವರ್ಷಗಳಲ್ಲಿ ಸ್ವಸಹಾಯ ಸಂಘಗಳ ಹೆಂಗಸರು ಮಾಡಿದ ರೊಟ್ಟಿಗೆ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ದೂರದ ಊರುಗಳಲ್ಲೂ ಗಿರಾಕಿ ಸಿಗುತ್ತಿದೆ. ನಮ್ಮ ಅಕ್ಕ ಇನ್ನೂ ತನ್ನ ಒಲೆಯ ಮುಂದೆಯೇ ಇದ್ದಾರೆ. ಗಂಡ ತೀರಿಹೋಗಿ ಬಹಳ ವರ್ಷವಾಯಿತು. ಮಕ್ಕಳನ್ನು ಓದಿಸಿದ್ದು ಇದೇ ಹಂಚಿನಿಂದ.

ಟ್ಯೂಷನ್ ಮುಗಿಸಿ ರೊಟ್ಟಿ ಒಯ್ಯಲು ಹೋದ ಒಂದು ಸಂಜೆ ನಾನು ನಿಂತಲ್ಲೇ ಅವಸರ ಮಾಡುತ್ತಿದ್ದೆ. ಫೋನಿನಲ್ಲಿ ಮಾತು, ಕೈಯಲ್ಲಿ ಮಕ್ಕಳ ಪರೀಕ್ಷೆಯ ಪೇಪರಿನ ಕಟ್ಟು, ಬಾಯಲ್ಲಿ "ಲಗೂ ಮಾಡ್ರಿ" ಎಂಬ ಒತ್ತಾಯ. ಅಕ್ಕ ತಲೆ ಎತ್ತದೆ ಹೇಳಿದರು: "ಹಂಚಿನ ಮ್ಯಾಲ ಒಂದೇ ರೊಟ್ಟಿ ಹಾಕೋದ್ರಿ ಅಕ್ಕೋರ. ಎರಡು ಹಾಕಿದ್ರ ಎರಡೂ ಹೊತ್ತತಾವ. ಒಂದೊಂದೇ ಹಾಕಿದ್ರ ನೂರು ಆಗ್ತಾವ."

ಒಂದೊಂದೇ ಹಾಕಿದರೆ ನೂರಾಗುತ್ತವೆ! ಬೇಕಾದದ್ದು ಒಂದೇ ಎಂಬ ಶುಭಸಂದೇಶದ ಮಾತಿಗೆ ನಮ್ಮ ಓಣಿಯಲ್ಲಿ ನಾನು ಕೇಳಿದ ವ್ಯಾಖ್ಯಾನ ಅದು. ಪಾಠ ಹೇಳುವಾಗ ಪಾಠ, ಮಗುವಿನ ಮಾತು ಕೇಳುವಾಗ ಮಗುವಿನ ಮಾತು, ಬಲಿಪೂಜೆಯಲ್ಲಿರುವಾಗ ಬಲಿಪೂಜೆ. ಎರಡನ್ನೂ ಒಟ್ಟಿಗೆ ಹಂಚಿಗೆ ಹಾಕಿದ್ದರಿಂದಲೇ ಅಂದು ದೇವಾಲಯದಲ್ಲಿ ನನ್ನ ರೊಟ್ಟಿ ಹೊತ್ತಿತ್ತು.

ಬೇಕು ಎಷ್ಟು, ಸಾಕು ಎಷ್ಟು

ಇಸ್ರಯೇಲ್ ಜನರು ಮರುಭೂಮಿಯಲ್ಲಿ ನಡೆಯುವಾಗ ದೇವರು ಅವರಿಗೆ ಮನ್ನಾ ಕೊಟ್ಟರು. ವಿಮೋಚನಾಕಾಂಡದ 16ನೆಯ ಅಧ್ಯಾಯದಲ್ಲಿ ಆ ವೃತ್ತಾಂತವಿದೆ. ಅಂದಂದಿಗೆ ಬೇಕಾದಷ್ಟನ್ನೇ ಕೂಡಿಸಬೇಕು ಎಂಬುದು ಆಜ್ಞೆ. ನಾಳೆಗಿರಲೆಂದು ಬಚ್ಚಿಟ್ಟವರ ಮನ್ನಾಕ್ಕೆ ಹುಳ ಬಿದ್ದು ನಾರಿತು. ಆದರೆ ಆರನೆಯ ದಿನ ಮಾತ್ರ ಎರಡರಷ್ಟು ಕೂಡಿಸಲು ಅಪ್ಪಣೆ ಇತ್ತು. ಏಕೆ? ಏಳನೆಯ ದಿನ ವಿಶ್ರಾಂತಿ ಪಡೆಯಲಿ ಎಂದು. ನೋಡಿ, ಹೆಚ್ಚು ದುಡಿಯಲು ದೇವರು ಅನುಮತಿ ಕೊಟ್ಟದ್ದು ವಿಶ್ರಾಂತಿಗಾಗಿ. ನಾವು ಮಾಡುವುದು ತಿರುಗುಮುರುಗು: ವಿಶ್ರಾಂತಿಯನ್ನೂ ಮಾರಿ ಇನ್ನಷ್ಟು ಕೂಡಿಸುತ್ತೇವೆ.

ನಾನು ದಿನಾ ಹೋಗುವ ರಸ್ತೆ ಕಮಲಾಪುರ ದಾಟಿ, ಹುಮನಾಬಾದ್ ದಾಟಿ ಬಸವಕಲ್ಯಾಣದ ಕಡೆಗೆ ಸಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಆ ಕಲ್ಯಾಣದಲ್ಲಿ ಬಾಳಿದ ಶರಣ ದಂಪತಿಗಳು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಬೇಕಾದದ್ದಲ್ಲ, ಆಸೆಯಿಂದ ತಂದದ್ದು, ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿ ಎಂದು ಹೆಂಡತಿ ಹಿಂದಕ್ಕೆ ಕಳಿಸಿದಳೆಂದು ಪ್ರತೀತಿ. ನಮ್ಮ ಬೈಬಲ್ಲಿನ ಮನ್ನಾದ ಪಾಠವನ್ನೇ ನಮ್ಮ ಮಣ್ಣಿನ ಒಬ್ಬ ಬಡ ಗೃಹಿಣಿ ಬಾಳಿ ತೋರಿಸಿದ್ದಾಳೆ. ಸಾಕು ಎಂಬ ಮಾತನ್ನು ಮನೆಯೊಳಗೆ ಮೊದಲು ಹೇಳುವ ಧೈರ್ಯ ಹೆಚ್ಚಾಗಿ ಮನೆಯೊಡತಿಗೇ ಬರಬೇಕು.

ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ಎಂಬ ವಿಶ್ವಪತ್ರದಲ್ಲಿ ಇದನ್ನೇ ಬೋಧಿಸಿದ್ದಾರೆ. ಸರಳತೆ ಎಂದರೆ ಬದುಕನ್ನು ಕುಗ್ಗಿಸುವುದಲ್ಲ, ಸ್ವಲ್ಪದರಲ್ಲಿ ಸಂತೋಷಪಡಲು ಬಲ್ಲವರು ಪ್ರತಿಯೊಂದನ್ನೂ ಹೆಚ್ಚು ಸವಿಯುತ್ತಾರೆ ಎಂಬುದು ಅವರ ಬೋಧನೆಯ ಸಾರ.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು. ಸರಳ ಜೀವನದ ಹೆಸರಿನಲ್ಲಿ ತಾಯಿ ಹಸಿದಿರುವುದು ಪುಣ್ಯವಲ್ಲ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ತಾಯಿ ಎಲ್ಲರಿಗೂ ಬಡಿಸಿ, ಉಳಿದರೆ ಉಂಡು, ಉಳಿಯದಿದ್ದರೆ ಚಹಾ ಕುಡಿದು ಮಲಗುತ್ತಾಳೆ! ರಕ್ತಹೀನತೆ ಇದ್ದರೂ ಮಾತ್ರೆ ತಗೊಳ್ಳುವುದಿಲ್ಲ, ಬೆನ್ನುನೋವಿಗೆ ಡಾಕ್ಟರ ಹತ್ತಿರ ಹೋಗುವುದಿಲ್ಲ, ದುಡ್ಡು ಉಳಿಯಲಿ ಎಂದು. ಇದು ಸರಳತೆಯಲ್ಲ. ದೇವರು ಕೊಟ್ಟ ದೇಹಕ್ಕೆ ಮಾಡುವ ಅನ್ಯಾಯ. ಪ್ರವಾದಿ ಎಲೀಯ ಬಂದಾಗ ಆ ಬಡ ವಿಧವೆಯ ಮನೆಯಲ್ಲಿದ್ದದ್ದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ. ಅರಸುಗಳ ಮೊದಲನೆಯ ಗ್ರಂಥದ 17ನೆಯ ಅಧ್ಯಾಯ ಹೇಳುವಂತೆ ಆ ಹಿಟ್ಟು ತೀರಲಿಲ್ಲ. ಪ್ರವಾದಿಯೂ ಉಂಡ, ಮಗನೂ ಉಂಡ, ಆ ತಾಯಿಯೂ ಉಂಡಳು. ದೇವರ ಪವಾಡದಲ್ಲಿ ತಾಯಿಯ ಪಾಲೂ ಇತ್ತು ಎಂಬುದನ್ನು ಮರೆಯದಿರೋಣ.

ಹಾಗೆಯೇ, ಕಡಿಮೆ ಸಂಬಳ ಕೊಟ್ಟು ಸರಳವಾಗಿ ಬದುಕಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಸಂತ ಎರಡನೇ ಜಾನ್ ಪೌಲರು 1981ರಲ್ಲಿ ಬರೆದ ದುಡಿಮೆಯ ಕುರಿತಾದ ವಿಶ್ವಪತ್ರದಲ್ಲಿ, ಒಂದು ಕುಟುಂಬ ಗೌರವದಿಂದ ಬಾಳುವಷ್ಟು ಸಂಬಳ ದುಡಿಯುವವರಿಗೆ ಸಿಗಬೇಕು, ತಾಯ್ತನದ ಕಾರಣಕ್ಕೆ ಹೆಣ್ಣು ನಷ್ಟಕ್ಕೆ ಗುರಿಯಾಗಬಾರದು ಎಂದು ಬೋಧಿಸಿದರು. 1995ರ ಜೂನ್ 29ರಂದು ಲೋಕದ ಎಲ್ಲ ಮಹಿಳೆಯರಿಗೆ ಪತ್ರ ಬರೆದು, ತಾಯಂದಿರಿಗೂ ದುಡಿಯುವ ಹೆಣ್ಣುಮಕ್ಕಳಿಗೂ ಧನ್ಯವಾದ ಹೇಳಿದರು. ನಮ್ಮ ಶಾಲೆ, ಅಂಗಡಿ, ಆಸ್ಪತ್ರೆಗಳಲ್ಲಿ ಮತ್ತು ನಮ್ಮ ಮನೆಗೆಲಸದವಳ ವಿಷಯದಲ್ಲಿ ಈ ಬೋಧನೆಯನ್ನು ನಾವು ಎಷ್ಟು ಪಾಲಿಸುತ್ತಿದ್ದೇವೆ?

ಲೇಸ್ ಹೆಣೆಯುತ್ತಿದ್ದ ಸಂತ ತಾಯಿ

ದುಡಿಯುವ ತಾಯಂದಿರಿಗೆ ಧರ್ಮಸಭೆ ಕೊಟ್ಟಿರುವ ಒಬ್ಬ ಗೆಳತಿ ಸಂತ ಝೆಲಿ ಮಾರ್ಟಿನ್. ಪುಟ್ಟ ಪುಷ್ಪವೆಂದು ಕರೆಯುವ ಸಂತ ತೆರೇಸಮ್ಮನವರ ತಾಯಿ. ಫ್ರಾನ್ಸ್ ದೇಶದ ಅಲಾನ್ಸೋನ್ ಪಟ್ಟಣದಲ್ಲಿ ಲೇಸ್ ಹೆಣೆಸುವ ಉದ್ಯೋಗವನ್ನು ತಾನೇ ನಡೆಸುತ್ತಿದ್ದಳು. ಸೂಜಿಯಿಂದ ಮಾಡುವ ಅತಿ ನಾಜೂಕಿನ ಕೆಲಸ ಅದು. ಹಲವು ಹೆಂಗಸರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ತುಂಡು ತುಂಡಾಗಿ ಹೆಣೆದು ತಂದುಕೊಟ್ಟರೆ ಈಕೆ ಅದನ್ನು ಗುರುತು ಕಾಣದಂತೆ ಜೋಡಿಸುತ್ತಿದ್ದಳು. ಒಂಬತ್ತು ಮಕ್ಕಳನ್ನು ಹೆತ್ತು ನಾಲ್ವರನ್ನು ಮಣ್ಣಿಗೆ ಕೊಟ್ಟವಳು. ಬೆಳಗಿನ ಐದೂವರೆಯ ಬಲಿಪೂಜೆಗೆ ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದರು.

ಆಕೆಯ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಅವುಗಳಲ್ಲಿ ಎಲ್ಲ ಕಡೆ ಪವಿತ್ರ ಮಾತುಗಳೇ ತುಂಬಿವೆ ಎಂದು ತಿಳಿಯಬೇಡಿ. ಈ ಲೇಸಿನ ಕೆಲಸ ತನ್ನ ಬದುಕನ್ನು ಹಿಂಡುತ್ತಿದೆ ಎಂದು ನಮ್ಮ ಹಾಗೆಯೇ ಆಕೆಯೂ ಗೊಣಗಿದ್ದಾಳೆ. ಪುಟ್ಟ ತೆರೇಸಾ ಹುಟ್ಟಿದಾಗ ತಾಯಿಗೆ ಹಾಲುಣಿಸಲು ಆಗಲಿಲ್ಲ. ಮಗು ಬದುಕಲಿ ಎಂದು ಹಳ್ಳಿಯ ಒಬ್ಬ ದಾದಿಯ ಮನೆಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಡಬೇಕಾಯಿತು. ಮಗುವನ್ನು ಇನ್ನೊಬ್ಬರ ಮಡಿಲಿಗೆ ಹಾಕಿ ಕೆಲಸಕ್ಕೆ ಹೋಗುವ ತಾಯಿಯರೇ, ಮಗು ದೂರವಿದ್ದಾಗ ಎದೆಯೊಳಗೆ ಏನಾಗುತ್ತದೆಂದು ಈ ಸಂತ ತಾಯಿಗೆ ಗೊತ್ತು. ಆ ಮಗುವೇ ಮುಂದೆ ಲೋಕಕ್ಕೆ ದೇವರ ಪ್ರೀತಿಯ ಕಿರುದಾರಿಯನ್ನು ತೋರಿಸಿದಳು. ನಾವಿಲ್ಲದ ಹೊತ್ತಿನಲ್ಲೂ ದೇವರು ನಮ್ಮ ಮಕ್ಕಳ ಬಳಿ ಇರುತ್ತಾರೆ.

ಗಂಡಂದಿರಿಗೂ ಇಲ್ಲಿ ಪಾಠವಿದೆ. ಝೆಲಿಯ ಗಂಡ ಲೂಯಿ ಗಡಿಯಾರದ ಅಂಗಡಿ ಇಟ್ಟಿದ್ದವರು. ಹೆಂಡತಿಯ ಹೊರೆ ಹೆಚ್ಚಾದಾಗ, 1870ರಲ್ಲಿ, ತನ್ನ ಅಂಗಡಿಯನ್ನು ಬಿಟ್ಟುಕೊಟ್ಟು ಆಕೆಯ ಉದ್ಯೋಗಕ್ಕೇ ಹೆಗಲು ಕೊಟ್ಟರು. ಗಂಡಸಾಗಿ ನಾನೇಕೆ ಎಂದು ಕೇಳಲಿಲ್ಲ. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸ್‌ರವರು ಈ ದಂಪತಿಗಳಿಬ್ಬರನ್ನೂ ಒಟ್ಟಿಗೆ ಸಂತರೆಂದು ಸಾರಿದರು. ಮನೆಗೆಲಸದಲ್ಲಿ ಜೊತೆಯಾದವರು ಪೀಠದ ಮೇಲೂ ಜೊತೆಯಾದರು.

ನಮ್ಮ ಮನೆಯಲ್ಲಿ

ಸಾಲ ತೀರಿದ್ದು 2024ರಲ್ಲಿ. ಕೊನೆಯ ಕಂತು ಕಟ್ಟಿ ಬಂದ ಸಂಜೆ ನಾವಿಬ್ಬರೂ ಮಕ್ಕಳನ್ನು ಕೂರಿಸಿಕೊಂಡು ಮಾತನಾಡಿದೆವು. ಟ್ಯೂಷನ್ ಬಿಡುವುದೆಂದು ನಿಶ್ಚಯಿಸಿದೆವು. ತಿಂಗಳಿಗೆ 4,200 ರೂಪಾಯಿ ಕಡಿಮೆಯಾಗುವುದು ನಮ್ಮಂಥವರಿಗೆ ಸಣ್ಣ ಮಾತಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ದುಡ್ಡಿಲ್ಲದಿರುವುದರಿಂದ ಸ್ವಲ್ಪ ಉಸಿರಾಡುವಂತಾಗಿದೆ. ಉಳಿದದ್ದನ್ನು ಬೇಕುಗಳನ್ನು ಕಡಿಮೆ ಮಾಡಿಕೊಂಡು ಸರಿದೂಗಿಸಿದ್ದೇವೆ. ಹಬ್ಬಕ್ಕೊಂದು ಜೊತೆ ಬಟ್ಟೆ, ಕಂತಿನ ಮೇಲೆ ಯಾವ ಸಾಮಾನೂ ಇಲ್ಲ, ಬಂದವರಿಗೂ ನಮಗೂ ಒಂದೇ ಅಡುಗೆ.

ಶನಿವಾರ ಸಂಜೆ ಬಟ್ಟೆ, ಹಿಟ್ಟು, ಪಾಠದ ಟಿಪ್ಪಣಿ ಎಲ್ಲವನ್ನೂ ಮುಗಿಸುತ್ತೇವೆ. ಅದು ನಮ್ಮ ಆರನೆಯ ದಿನದ ಎರಡು ಪಾಲು ಮನ್ನಾ. ಭಾನುವಾರ ದೇವರಿಗೆ ಮತ್ತು ನಮಗೆ. ನೀರು ತುಂಬುವುದು, ಡಬ್ಬಿ ತೊಳೆಯುವುದು ಈಗ ನಮ್ಮ ಮನೆಯವರ ಕೆಲಸ. ರಾತ್ರಿ ಜಪಸರ ಪೂರ್ತಿ ಆಗದ ದಿನ ಒಂದೇ ಒಂದು ರಹಸ್ಯ, ಆದರೆ ಎಲ್ಲರೂ ಒಟ್ಟಿಗೆ, ಫೋನುಗಳನ್ನು ಬೇರೆ ಕೋಣೆಯಲ್ಲಿಟ್ಟು. ನನ್ನ ಸ್ವಂತ ಪ್ರಾರ್ಥನೆ ಬಸ್ಸಿನಲ್ಲಿ. ಹೋಗುವಾಗ ಅಂದು ಪಾಠ ಹೇಳಬೇಕಾದ ಮಕ್ಕಳನ್ನು ನೆನೆಯುತ್ತೇನೆ, ಬರುವಾಗ ನನ್ನ ಮಕ್ಕಳನ್ನು.

ಕಮಲಾಪುರದ ಕೆಂಪು ಬಾಳೆಹಣ್ಣು ನಿಮಗೆಲ್ಲ ಗೊತ್ತು. ಅಲ್ಲಿನ ಕಣಿವೆಯ ತೋಟಗಳ ಹಣ್ಣಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಶ್ರೀಮಂತರ ಹಣ್ಣು ಎಂದು ಅದಕ್ಕೆ ಹೆಸರು. ಮುಂಚೆ ನಾನು ಅದನ್ನು ಡಜನ್‌ಗಟ್ಟಲೆ ಕೊಂಡು ನೆಂಟರಿಗೆ ಕೊಟ್ಟು ಕಳಿಸುತ್ತಿದ್ದೆ, ನನ್ನ ಮಕ್ಕಳಿಗೆ ರುಚಿ ತೋರಿಸಿದ್ದೇ ಅಪರೂಪ. ಈಗ ಶುಕ್ರವಾರ ಸಂಜೆ ಎರಡೇ ಹಣ್ಣು ತರುತ್ತೇನೆ. ಪ್ರಾರ್ಥನೆಯ ನಂತರ ಹೆಚ್ಚಿ ನಾಲ್ವರೂ ಹಂಚಿಕೊಂಡು ತಿನ್ನುತ್ತೇವೆ. ಬೆಳೆಯುವ ರೈತರು ಹೇಳುವಂತೆ ಈ ಬಾಳೆ ಬೇರೆ ಬಾಳೆಗಿಂತ ತಡವಾಗಿ ಗೊನೆ ಬಿಡುತ್ತದೆ, ಅವಸರ ಮಾಡುವಂತಿಲ್ಲ. ಮಕ್ಕಳನ್ನು ಬೆಳೆಸುವುದೂ ಹಾಗೆಯೇ. ಗೊಬ್ಬರ ಹಾಕಬಹುದು, ನೀರು ಬಿಡಬಹುದು, ಆದರೆ ಪಕ್ಕದಲ್ಲಿ ಇರಬೇಕಾದಷ್ಟು ದಿನ ಇರಲೇಬೇಕು.

ಕಳೆದ ವರ್ಷ ಮಗನ ಪ್ರಥಮ ಪರಮಪ್ರಸಾದ ಸ್ವೀಕಾರವಾಯಿತು. ಅಕ್ಕನಿಗೆ ಮಾಡಿದಷ್ಟು ತಮ್ಮನಿಗೆ ಮಾಡಲಿಲ್ಲವೆಂದು ಕೆಲವರು ಬೇಸರಪಟ್ಟರು. ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಬಂದವರೆಲ್ಲರಿಗೂ ಉಪ್ಪಿಟ್ಟು, ಶಿರಾ, ಚಹಾ. ಅಷ್ಟೇ. ರೊಟ್ಟಿ ಅಕ್ಕನೂ ಬಂದು ನಮ್ಮ ಪಕ್ಕದಲ್ಲಿ ನಿಂತು ಉಂಡರು. ಅಂದು ನಾನು ಮುಂದಿನ ಬೆಂಚಿನಲ್ಲಿದ್ದೆ, ಫೋನು ಮನೆಯಲ್ಲಿತ್ತು. ಮಗ ಸ್ವಾಮಿಯನ್ನು ಸ್ವೀಕರಿಸಿ ತಿರುಗಿ ನೋಡಿದಾಗ ಅವನ ಕಣ್ಣಿಗೆ ನಾನು ಸಿಕ್ಕೆ. ಪಕ್ಕದಲ್ಲಿ ಕುಳಿತ ಮಗಳು ಅವನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಮೆಲ್ಲಗೆ ನನ್ನ ಕೈ ಹಿಡಿದು, "ಈ ಸಲ ನೋಡಿದಿ, ಹೌದಿಲ್ಲೋ?" ಎಂದಳು.

ಆಗ ನಾನು ಅವಳಿಗೆ ಸತ್ಯ ಹೇಳಿದೆ. ನಿನ್ನದನ್ನು ನೋಡಲಿಲ್ಲ ಮಗಳೇ, ತಪ್ಪಾಯಿತು ಎಂದೆ. ಆ ಗಳಿಗೆ ಮತ್ತೆ ಬರುವುದಿಲ್ಲ. ಅದು ನನ್ನ ಎದೆಯಲ್ಲಿ ಹಾಗೆಯೇ ಇರುತ್ತದೆ. ಆದರೆ ಮಕ್ಕಳು ಕ್ಷಮಿಸಬಲ್ಲರು, ದೇವರಂತೆ. ಆ ಶನಿವಾರವೇ ಪಾಪನಿವೇದನೆಗೆ ಹೋಗಿ ಆ ಹಳೆಯ ಸುಳ್ಳನ್ನೂ ಸ್ವಾಮಿಯ ಪಾದದಲ್ಲಿ ಇಟ್ಟು ಬಂದೆ.

ಪ್ರಿಯ ಪೋಷಕರೇ, ನಿಮ್ಮ ಮನೆಯಲ್ಲಿ ಈ ವರ್ಷ ಇಂಥ ಹಬ್ಬವಿದ್ದರೆ ಸಾಲ ಮಾಡುವ ಮುನ್ನ ಒಂದು ಸಲ ಮಗುವನ್ನು ಕೇಳಿ, ನಿನಗೆ ಏನು ಬೇಕು ಎಂದು. ಅದು ಕೇಳುವುದು ಬಹುಶಃ ನಿಮ್ಮನ್ನೇ. ಧರ್ಮಕೇಂದ್ರದಲ್ಲೂ ನಾವೆಲ್ಲ ಕೂಡಿ, ಎಲ್ಲ ಮಕ್ಕಳಿಗೂ ಒಂದೇ ಬಗೆಯ ಸರಳ ಉಡುಪು, ಎಲ್ಲರಿಗೂ ಒಂದೇ ಉಪಾಹಾರ ಎಂದು ನಿಶ್ಚಯಿಸಿದರೆ ಬಡ ತಾಯಿಯೊಬ್ಬಳು ಸಾಲಗಾರನ ಬಾಗಿಲಿಗೆ ಹೋಗುವುದು ತಪ್ಪುತ್ತದೆ. ಅದಕ್ಕಿಂತ ದೊಡ್ಡ ಪುಣ್ಯಕಾರ್ಯ ಬೇಕೇ?

ಪ್ರಾರ್ಥನೆ: ಬೆಥಾನಿಯದ ಮನೆಗೆ ಬಂದ ಯೇಸುಸ್ವಾಮಿಯೇ, ದಣಿದ ನಮ್ಮ ಮನೆಗಳಿಗೂ ಬನ್ನಿ. ನಮ್ಮ ಕೈಗಳ ದುಡಿಮೆಯನ್ನು ಆಶೀರ್ವದಿಸಿರಿ, ನಮ್ಮ ಮನಸ್ಸಿನ ತಳಮಳವನ್ನು ಶಾಂತಗೊಳಿಸಿರಿ. ಬೇಕಾದಷ್ಟನ್ನು ಕೊಡಿ, ಸಾಕೆನ್ನುವ ಬುದ್ಧಿಯನ್ನೂ ಕೊಡಿ. ನಮ್ಮ ಮಕ್ಕಳು ತಿರುಗಿ ನೋಡಿದಾಗ ನಾವು ಅಲ್ಲಿರುವಂತೆ ಮಾಡಿರಿ. ಮಾತೆ ಮರಿಯಮ್ಮನವರೇ, ಸಂತ ಮಾರ್ತಳೇ, ಸಂತ ಝೆಲಿಯೇ, ದುಡಿಯುವ ಎಲ್ಲ ತಾಯಂದಿರಿಗಾಗಿ ಪ್ರಾರ್ಥಿಸಿರಿ. ಆಮೆನ್.